"ನಾನು ರ‍್ಯಾಪರ್ ಅಲ್ಲ": ಆರಾಧನಾ ಪ್ರಶಸ್ತಿ ಬಿಟ್ಟುಕೊಟ್ಟ ಪ್ರಕರಣ

2016ರ ನವೆಂಬರ್. ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ಮ್ಯೂಸಿಕ್ ಅವಾರ್ಡ್ಸ್ ನಡೆಯುತ್ತಿತ್ತು. ಆ ದೇಶದ ಸಂಗೀತದವರಿಗೆ ವರ್ಷದ ದೊಡ್ಡ ರಾತ್ರಿ ಅದು. 'ಬೆಸ್ಟ್ ಅರ್ಬನ್/ಹಿಪ್‌ಹಾಪ್ ಆರ್ಟಿಸ್ಟ್' (ಅರ್ಬನ್ ಅಂದರೆ ಹಿಪ್‌ಹಾಪ್, ಸೋಲ್‌ನಂಥ, ಅಮೆರಿಕದ ಕರಿಯರಿಂದ ಬಂದ ಸಂಗೀತ) ಪ್ರಶಸ್ತಿಗೆ ಗಾಯಕಿ ಆರಾಧನಾ ಪಟೇಲ್ ಹೆಸರು ಕರೆದರು. ಅವರು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು. ಇದನ್ನು ತಗೊಂಡರೆ ನಾಟಕ ಆಡಿದಂತೆ ಆಗುತ್ತದೆ ಎಂದರು. ತಾನು ಹಾಡುವವಳು, ರ‍್ಯಾಪರ್ ಅಲ್ಲ, ಹಿಪ್‌ಹಾಪ್ ಕಲಾವಿದೆಯೂ ಅಲ್ಲ ಎಂದರು. ಕಂದು ಬಣ್ಣದವರಿಗೆಂದು ಇಟ್ಟ ಖಾನೆಗೆ ತನ್ನನ್ನೂ ಸೇರಿಸಿದ್ದಾರೆ ಅನ್ನಿಸುತ್ತಿದೆ ಎಂದೂ ಹೇಳಿದರು. ಆಮೇಲೆ ಅದೇ ಪಟ್ಟಿಯಲ್ಲಿದ್ದ ಸ್ವಿಡ್ಟ್ ಎಂಬ ಹಿಪ್‌ಹಾಪ್ ತಂಡಕ್ಕೆ ಆ ಪ್ರಶಸ್ತಿಯನ್ನು ಬಿಟ್ಟುಕೊಟ್ಟರು.

ಹೆಸರು ಕೇಳಿದರೆ ನಮ್ಮ ಕಡೆಯವರು ಅನ್ನಿಸುತ್ತೆ ಅಲ್ವಾ? ಅರ್ಧ ನಿಜ. ತಂದೆ ಗುಜರಾತಿ ಮೂಲದ ಭಾರತೀಯ, ತಾಯಿ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದವರು. ಬೆಳೆದದ್ದು ವೆಲಿಂಗ್ಟನ್ ಪಕ್ಕದ ಪೊರಿರುವಾದಲ್ಲಿ. ಪೆಸಿಫಿಕ್ ದ್ವೀಪಗಳಿಂದ ಬಂದ ಕುಟುಂಬಗಳೂ ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿಗಳೂ ಜಾಸ್ತಿ ಇರುವ ಊರು ಅದು. ಮೊದಲ ಆಲ್ಬಂ ಬಂದದ್ದು 2006ರಲ್ಲಿ. 2012ರ 'ಟ್ರೆಬಲ್ ಅಂಡ್ ರಿವರ್ಬ್' ಮರುವರ್ಷ ದೇಶದ ವರ್ಷದ ಆಲ್ಬಂ ಪ್ರಶಸ್ತಿ ಗೆದ್ದಿತು. ಅಂದರೆ 2016ರಲ್ಲಿ ಅವರು ಅವಕಾಶಕ್ಕೆ ಕಾದು ಕೂತ ಹೊಸಬರಲ್ಲ. ಆ ವರ್ಷ ಬಂದ ಆಲ್ಬಂ ಹೆಸರು 'ಬ್ರೌನ್ ಗರ್ಲ್'. ತನ್ನನ್ನು ಬರೀ ಮೈಬಣ್ಣದಿಂದ ಗುರುತಿಸುವವರ ಬಗ್ಗೆ ಅದರ ಶೀರ್ಷಿಕೆ ಹಾಡೇ ಇದೆ. ಅದನ್ನು ಕೇಳಿದ ಮೇಲೂ ಆ ಆಲ್ಬಂನವರನ್ನು ಅದೇ ಖಾನೆಯಲ್ಲಿ ಕೂರಿಸಿದರು ಅಂದರೆ, ಕೇಳಿದರಾ ಅಂತಲೇ ಅನುಮಾನ.

ಇದನ್ನು ಒಬ್ಬ ಗಾಯಕಿಯ ಸಿಟ್ಟು ಅಂತ ಬದಿಗಿಡುವುದು ಸುಲಭ. ನನಗೆ ಹಾಗೆ ಕಾಣಿಸುವುದಿಲ್ಲ. ನ್ಯೂಜಿಲೆಂಡ್‌ನ ಪೆಸಿಫಿಕ್ ಸಂಗೀತದಲ್ಲಿ ಮೂವತ್ತು ವರ್ಷದಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ: ಒಂದು ದನಿಯನ್ನು ಕಿವಿಯಿಂದ ಗುರುತಿಸಬೇಕಾ, ಮುಖ ನೋಡಿ ಗುರುತಿಸಬೇಕಾ? ರ‍್ಯಾಪರ್‌ಗಳಿಗೆ ಅದು ಉಚ್ಚಾರದ ಪ್ರಶ್ನೆಯಾಗಿ ಬಂತು. ಆರಾಧನಾಗೆ ಪ್ರಶಸ್ತಿಯ ಹೆಸರಾಗಿ ಬಂತು.

ಎಲ್ಲಿಂದ ಶುರುವಾಯಿತು

ಸ್ವಲ್ಪ ಹಿಂದೆ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡ್‌ನ ಕಾರ್ಖಾನೆಗಳಿಗೆ ಕೆಲಸಗಾರರು ಬೇಕಿದ್ದರು. ಸಮೋವಾ, ಟೋಂಗಾ, ಕುಕ್ ದ್ವೀಪಗಳು, ನಿಯುವೆಯಿಂದ ಜನ ಬಂದರು. 1970ರ ದಶಕದಲ್ಲಿ ಆರ್ಥಿಕತೆ ಕುಸಿಯಿತು. ಕರೆದು ತಂದವರೇ ಬೇಡವಾದರು. 1974ರಿಂದ 1976ರವರೆಗೆ ಪೊಲೀಸರು ನಸುಕಿನಲ್ಲಿ ಮನೆಗಳಿಗೆ ನುಗ್ಗಿ, ವೀಸಾ ಅವಧಿ ಮೀರಿ ಉಳಿದವರನ್ನು ಹುಡುಕಿದರು. ಬೀದಿಯಲ್ಲಿ ಕಂದು ಬಣ್ಣದವರನ್ನು ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದರು. ಮಾವೊರಿಗಳು, ಅಂದರೆ ಆ ನೆಲದವರೇ, ಇದರಲ್ಲಿ ಸಿಕ್ಕಿಬಿದ್ದದ್ದುಂಟು. ಹತ್ತು ವರ್ಷದ ನಂತರವೂ ಲೆಕ್ಕ ಹೆಚ್ಚು ಬದಲಾಗಿರಲಿಲ್ಲ. 1985-86ರಲ್ಲಿ ಹಾಗೆ ಅವಧಿ ಮೀರಿ ಉಳಿದವರಲ್ಲಿ ಪೆಸಿಫಿಕ್ ಜನ ಮೂರನೇ ಒಂದು ಭಾಗ ಇದ್ದರು. ಕೇಸು ಹಾಕಿಸಿಕೊಂಡವರಲ್ಲಿ ಮಾತ್ರ ಶೇ. 86ರಷ್ಟು ಅವರೇ. ಉಳಿದವರಲ್ಲಿ ಬಿಳಿಯರೇ ಬೇಕಾದಷ್ಟು ಇದ್ದರು. ಅವರ ಬಾಗಿಲನ್ನು ನಸುಕಿನಲ್ಲಿ ಯಾರೂ ತಟ್ಟಲಿಲ್ಲ. ಸರಕಾರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು, ಪ್ರಧಾನಿ ಜಸಿಂಡಾ ಆರ್ಡನ್ ಬಾಯಿಂದ.

ಆ ದಾಳಿಗಳನ್ನು ಎದುರಿಸಿ ನಿಂತವರಲ್ಲಿ ಪಾಲಿನೇಷ್ಯನ್ ಪ್ಯಾಂಥರ್ಸ್ ಒಂದು. 1971ರಲ್ಲಿ ಆಕ್ಲೆಂಡ್‌ನ ಪಾನ್ಸನ್‌ಬಿಯಲ್ಲಿ ಹುಟ್ಟಿದ ಸಂಘಟನೆ. ಅದರ ಸದಸ್ಯರಾಗಿದ್ದ ಟಿಗಿಲಾವ್ ನೆಸ್ ಅವರ ಮಗನೇ ಮುಂದೆ ಚೆ ಫು ಎಂಬ ಹೆಸರಿನಲ್ಲಿ ದೇಶದ ದೊಡ್ಡ ಹಿಪ್‌ಹಾಪ್-ಸೋಲ್ ಗಾಯಕನಾದ. ಹೋರಾಟಕ್ಕೂ ಹಾಡಿಗೂ ಇಲ್ಲಿ ನೆಂಟಸ್ತನ ಇದೆ. ಈ ಮನೆಯಲ್ಲಂತೂ ರಕ್ತಸಂಬಂಧವೇ.

ಅಮೆರಿಕದ ರ‍್ಯಾಪ್ ಕ್ಯಾಸೆಟ್, ವಿಡಿಯೋಗಳಲ್ಲಿ ಬಂದಾಗ ಈ ಮನೆಗಳ ಮಕ್ಕಳಿಗೆ ಅದು ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. ಪೊಲೀಸರು, ಬಾಡಿಗೆ ಮನೆ, ಮೈಬಣ್ಣ, ಎಲ್ಲ ಗೊತ್ತಿದ್ದ ವಿಷಯಗಳೇ. 1988ರಲ್ಲಿ ಅಪ್ಪರ್ ಹಟ್ ಪೊಸ್ಸಿ ತಂಡ 'ಎ ಟೂ' ಬಿಡುಗಡೆ ಮಾಡಿತು. ನ್ಯೂಜಿಲೆಂಡ್‌ನ ಮೊದಲ ರ‍್ಯಾಪ್ ರೆಕಾರ್ಡ್ ಅಂತ ಸಾಮಾನ್ಯವಾಗಿ ಹೇಳುವುದು ಇದನ್ನೇ. ಇಂಗ್ಲಿಷಿನ ನಡುನಡುವೆ ಮಾವೊರಿ ಮಾತು, ಬ್ರಿಟಿಷರ ವಿರುದ್ಧ ಕಾದಾಡಿದ ಹೋನೆ ಹೆಕೆಯಂಥ ಮಾವೊರಿ ವೀರರ ಹೆಸರುಗಳು. ಮಾವೊರಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿ ಆಗ ಒಂದೇ ವರ್ಷ ಆಗಿತ್ತು.

ಇದು ಮಾವೊರಿಗಳ ದಾರಿ. ನೆಲವೂ ಅವರದು, ಭಾಷೆಯೂ ಅವರದು. ದಕ್ಷಿಣ ಆಕ್ಲೆಂಡ್‌ನ ಸಮೋವನ್, ಟೋಂಗನ್, ನಿಯುವೆಯನ್ ಹುಡುಗರ ಸಂಗತಿ ಬೇರೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಟಿವಿಯಲ್ಲಿ ಮೂರನೆಯದು. ರ‍್ಯಾಪ್ ಯಾವ ದನಿಯಲ್ಲಿ?

ಉಚ್ಚಾರದ ಪಂಚಾಯ್ತಿ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಇಡೀ ಪ್ರಕರಣದ ಬೇರು ಇರುವುದು ಇಲ್ಲೇ.

ನ್ಯೂಜಿಲೆಂಡ್‌ನ ಬಿಳಿಯರ ಇಂಗ್ಲಿಷಿಗೆ ತನ್ನದೇ ಸ್ವರಗಳಿವೆ. 'ಫಿಶ್ ಅಂಡ್ ಚಿಪ್ಸ್' ಎಂದರೆ 'ಫಶ್ ಅಂಡ್ ಚಪ್ಸ್' ಎಂದು ಕೇಳಿಸುತ್ತದೆ ಅಂತ ಆಸ್ಟ್ರೇಲಿಯನ್ನರು ಗೇಲಿ ಮಾಡುತ್ತಾರೆ. 'ಪೆನ್' ಎನ್ನುವುದು ಹೊರಗಿನವರಿಗೆ 'ಪಿನ್' ಅನ್ನಿಸುತ್ತದೆ. ದಕ್ಷಿಣ ಆಕ್ಲೆಂಡ್‌ನ ಪೆಸಿಫಿಕ್ ಮಕ್ಕಳ ಇಂಗ್ಲಿಷ್ ಇದಕ್ಕಿಂತ ಬೇರೆ. ಭಾಷಾತಜ್ಞರು ಅದನ್ನು ಪಾಸಿಫಿಕಾ ಇಂಗ್ಲಿಷ್ ಎನ್ನುತ್ತಾರೆ. ಅದರ ಒಂದೆರಡು ಗುರುತು ಕನ್ನಡದ ಕಿವಿಗೆ ತಟ್ಟನೆ ಸಿಗುತ್ತವೆ. ಇಂಗ್ಲಿಷರ 'ಪೆನ್'ನಲ್ಲಿ ಪಕಾರದ ಜೊತೆ ಒಂದು ಉಸಿರು ಹೊರಬರುತ್ತದೆ, ನಮ್ಮ ಮಹಾಪ್ರಾಣದ ಹಾಗೆ. ಸಮೋವನ್ ಭಾಷೆಯ ಪ, ತ, ಕಗಳಲ್ಲಿ ಆ ಉಸಿರಿಲ್ಲ. ನಮ್ಮ ಅಲ್ಪಪ್ರಾಣದ ಹಾಗೆಯೇ ಗಟ್ಟಿ, ಚುಟುಕು. ಆ ಗುಣ ಅವರ ಇಂಗ್ಲಿಷಿಗೂ ಇಳಿದಿದೆ. 'ದಿಸ್', 'ದಟ್'ಗಳ ಮೊದಲ ವ್ಯಂಜನವನ್ನು ಅವರು ದಕಾರದಂತೆ ಗಟ್ಟಿಯಾಗಿ ಹೇಳುವುದುಂಟು. ನಾವು ಹೇಗೂ ಹಾಗೇ ಹೇಳುವವರು. ಹಾಗಾಗಿ ನಮಗದು ಉಚ್ಚಾರ ಅಂತಲೇ ಗೊತ್ತಾಗುವುದಿಲ್ಲ! 'ಥಿಂಗ್' ಕೆಲವರ ಬಾಯಲ್ಲಿ 'ಫಿಂಗ್' ಆಗುತ್ತದೆ. ಜೊತೆಗೆ ಲಯ. ಬ್ರಿಟಿಷ್ ಇಂಗ್ಲಿಷ್ ಒತ್ತಿರುವ ಕಡೆ ನಿಂತು, ಮಿಕ್ಕ ಅಕ್ಷರಗಳನ್ನು ನುಂಗಿ ಓಡುತ್ತದೆ. ಮಾವೊರಿ, ಪೆಸಿಫಿಕ್ ಬಾಯಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಪಾಲು. ಬೀಟ್ ಮೇಲೆ ಮಾತು ಜೋಡಿಸುವವನಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಬೇಕಾ?

ಆದರೆ ರ‍್ಯಾಪ್ ಕಲಿತದ್ದು ಅಮೆರಿಕದ ಕರಿಯರಿಂದ. ಪ್ರಾಸ, ಪದ, ಎಳೆಯುವ ರೀತಿ ಎಲ್ಲ ಅವರದೇ ಪಾಠ. ಅವರ ಹಾಗೆ ಹೇಳಿದರೆ ಊರಲ್ಲಿ "ಯಾಂಕಿ ನಕಲು" ಅಂತ ನಗುತ್ತಾರೆ. ತಮ್ಮ ಹಾಗೆ ಹೇಳಿದರೆ ರೇಡಿಯೋದವರು ಒರಟು ಅನ್ನುತ್ತಾರೆ. ಹಿಪ್‌ಹಾಪ್‌ನ ಮೊದಲ ಕಟ್ಟಳೆಯೇ ನೀನು ಎಲ್ಲಿಯವನೋ ಅಲ್ಲಿಯವನಾಗಿ ಮಾತಾಡು ಎಂಬುದು. ಅದನ್ನು ಪಾಲಿಸಬೇಕಾದರೆ ಕಲಿಸಿದವರ ದನಿಯನ್ನೇ ಬಿಡಬೇಕು. ಫಜೀತಿ ಇದು.

ಸಮೋವನ್ ಭಾಷೆಯಲ್ಲೇ ರ‍್ಯಾಪ್ ಮಾಡಿದರೆ ಮುಗಿಯಿತಲ್ಲ ಅಂದರೆ, ಅಲ್ಲೂ ಗಂಟಿದೆ. ಆ ಭಾಷೆಯಲ್ಲಿ ಎರಡು ಧಾಟಿ. ಚರ್ಚು, ಪುಸ್ತಕ, ಶಾಲೆಯಲ್ಲಿ ತಕಾರ ತಕಾರವೇ. ಮನೆಯಲ್ಲಿ, ಗೆಳೆಯರ ನಡುವೆ, ಆ ತಕಾರವೇ ಕಕಾರವಾಗುತ್ತದೆ. ಹುಡುಗ ಎನ್ನಲು ಪಾದ್ರಿಯ ಬಾಯಲ್ಲಿ 'ತಮಾ', ಬೀದಿಯಲ್ಲಿ 'ಕಮಾ'. ಬೀದಿಯ ಸಂಗೀತಕ್ಕೆ ಬೀದಿಯ ಧಾಟಿ ಸರಿ ಅನ್ನಿಸಬಹುದು. ಆದರೆ ಈ ಹುಡುಗರಲ್ಲಿ ತುಂಬಾ ಜನ ಹಾಡು ಕಲಿತದ್ದೇ ಚರ್ಚಿನಲ್ಲಿ. ಅಜ್ಜಿ ಕೇಳುತ್ತಾಳೆ ಎಂಬ ಭಯ ಬೇರೆ. ಸಮೋವಾದಲ್ಲಿ ಹುಟ್ಟಿ ವೆಲಿಂಗ್ಟನ್‌ನಲ್ಲಿ ಹೆಸರು ಮಾಡಿದ ದ ಫೀಲ್‌ಸ್ಟೈಲ್ 2004ರಲ್ಲಿ ಸಮೋವನ್, ಇಂಗ್ಲಿಷ್ ಎರಡನ್ನೂ ಬೆರೆಸಿದ ಆಲ್ಬಂ ತಂದಾಗ ಜನ ಹುಬ್ಬೇರಿಸಿದ್ದು ಸುಮ್ನೆ ಅಲ್ಲ.

ಇಷ್ಟೆಲ್ಲ ತಲೆಬಿಸಿ ರ‍್ಯಾಪರ್‌ಗೆ ಮಾತ್ರ. ಹಾಡುವವರಿಗೆ ಇಲ್ಲ. ನ್ಯೂಜಿಲೆಂಡ್‌ನ ಸಂಶೋಧಕರು ಒಬ್ಬನೇ ಗಾಯಕ ಮಾತಾಡುವಾಗಿನ ಸ್ವರಗಳನ್ನೂ ಹಾಡುವಾಗಿನ ಸ್ವರಗಳನ್ನೂ ಅಳೆದು ನೋಡಿದ್ದಾರೆ. ಮಾತಿನಲ್ಲಿ ಪಕ್ಕಾ ನ್ಯೂಜಿಲೆಂಡ್. ಹಾಡು ಶುರುವಾದ ಕೂಡಲೇ ಅಮೆರಿಕದ ಕಡೆ ಜಾರುತ್ತದೆ. ಬೇಕಂತ ಮಾಡುವುದೂ ಅಲ್ಲ. ಪಾಪ್ ಹಾಡಿನ ಮಾಮೂಲಿ ಉಚ್ಚಾರವೇ ಅದಾಗಿದೆ. ತನ್ನೂರಿನ ಸ್ವರದಲ್ಲಿ ಹಾಡಬೇಕೆಂದರೆ ಮನಸ್ಸಿಟ್ಟು ಪ್ರಯತ್ನಪಡಬೇಕು. ಬಿಳಿ ಗಾಯಕಿ ಹಾಗೆ ಹಾಡಿದರೆ "ಯಾಕಮ್ಮ ಅಮೆರಿಕನ್ ಥರ ಹಾಡ್ತೀಯ" ಅಂತ ಯಾರೂ ಕೇಳುವುದಿಲ್ಲ. ಅದು ಪಾಪ್ ಅಷ್ಟೇ.

ಈಗ ಆರಾಧನಾ ಹಾಡು ಕೇಳಿ. 1950-60ರ ದಶಕದ ಡೂ-ವಾಪ್ (ಹಲವರು ಸ್ವರ ಸೇರಿಸಿ ಹಾಡುವ ಅಮೆರಿಕದ ಹಳೆ ಪಾಪ್), ಸೋಲ್ ಗುಂಗು, ಹಳೆ ಗಾಯಕಿಯರ ದಾರಿಯ ದನಿ. ಉಚ್ಚಾರದಲ್ಲಿ ಪಕ್ಕದ ಬಿಳಿ ಪಾಪ್ ಗಾಯಕಿಗೂ ಇವರಿಗೂ ಖಾನೆ ಬದಲಿಸುವಷ್ಟು ವ್ಯತ್ಯಾಸ ನನ್ನ ಕಿವಿಗಂತೂ ಸಿಗಲಿಲ್ಲ. ರ‍್ಯಾಪ್ ಒಂದು ಸಾಲೂ ಇವರದಲ್ಲ. ಹಾಗಾದರೆ ಹಿಪ್‌ಹಾಪ್ ಖಾನೆಗೆ ಹಾಕಿದ್ದು ಏನನ್ನು ಕೇಳಿ?

ಡಾನ್ ರೇಡ್ ಮನೆಯ ಮಗಳು

ಪ್ರಶಸ್ತಿಯವರ ಪರವಾಗಿಯೂ ಒಂದು ಮಾತಿದೆ. ಅದನ್ನು ಹೇಳದಿದ್ದರೆ ಅನ್ಯಾಯ. ಆರಾಧನಾರನ್ನು ಬೆಳಕಿಗೆ ತಂದದ್ದು ಡಾನ್ ರೇಡ್ ಎಂಟರ್‌ಟೈನ್‌ಮೆಂಟ್ ಎಂಬ ಹಿಪ್‌ಹಾಪ್ ಕಂಪನಿ. ಬ್ರದಾ ಡಿ ಮತ್ತು ಆಂಡಿ ಮರ್ನೇನ್ ಎಂಬ ಇಬ್ಬರು ಗೆಳೆಯರು 1999ರಲ್ಲಿ ಕಟ್ಟಿದ್ದು. ನಸುಕಿನ ಪೊಲೀಸ್ ದಾಳಿಯ ಹೆಸರನ್ನೇ ಕಂಪನಿಗೆ ಇಟ್ಟರು. ಬಂಡವಾಳ ಬಂದದ್ದು ದಕ್ಷಿಣ ಆಕ್ಲೆಂಡ್‌ನ ಓಟಾರಾದ ಶನಿವಾರದ ಸಂತೆಯಿಂದ. ಕೆಸುವಿನ ಗೆಡ್ಡೆ, ಹಸಿರು ಬಾಳೆಗೊನೆ, ಸೊಂಟಕ್ಕೆ ಸುತ್ತುವ ಲಾವಾಲಾವಾ ಬಟ್ಟೆ ಮಾರುವವರ ನಡುವೆ ಇವರದೂ ಒಂದು ಟೀ ಶರ್ಟ್ ಅಂಗಡಿ. ಬೈಗುಳವಾಗಿದ್ದ ಮಾತನ್ನು ಎದೆ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡುವ ಹುಮ್ಮಸ್ಸು ಆಗ ಎಲ್ಲೆಲ್ಲೂ ಇತ್ತು. ರ‍್ಯಾಪರ್ ಕಿಂಗ್ ಕಪಿಸಿ ತನ್ನ ಬಟ್ಟೆ ಬ್ರ್ಯಾಂಡಿಗೆ 'ಓವರ್‌ಸ್ಟೇಯರ್' ಅಂತಲೇ ಹೆಸರಿಟ್ಟ. ಅವಧಿ ಮೀರಿ ಉಳಿದವನು ಅಂತ ಅಪ್ಪಂದಿರನ್ನು ಹಂಗಿಸಿದ ಮಾತು ಮಕ್ಕಳ ಟೀ ಶರ್ಟ್ ಆಯಿತು.

ಡಾನ್ ರೇಡ್ ಗೆದ್ದದ್ದು ಸ್ಥಳೀಯ ದನಿಯನ್ನು ನಂಬಿ. ಸಾವೇಜ್, ಮಾರೆಕೋ, ಆಲ್ಫ್ರಿಸ್ಕ್, ಡೆವೊಲೊ ಇದ್ದ ಡಿಸೆಪ್ಟಿಕಾನ್ಸ್ ತಂಡ 2002ರಲ್ಲಿ ಮೊದಲ ಆಲ್ಬಂ ತಂದಿತು. ಮರುವರ್ಷ ಕ್ರೈಸ್ಟ್‌ಚರ್ಚ್‌ನ ಸಮೋವನ್ ಹುಡುಗ ಸ್ಕ್ರೈಬ್, ಇವರ ಕಂಪನಿಯವನಲ್ಲ, ಹಾಡಿನ ಪಟ್ಟಿಯಲ್ಲೂ ಆಲ್ಬಂ ಪಟ್ಟಿಯಲ್ಲೂ ಒಟ್ಟಿಗೆ ಮೊದಲ ಸ್ಥಾನದಲ್ಲಿ ಕೂತ. ಆಮೇಲೆ ಸಾವೇಜ್‌ನ 'ಸ್ವಿಂಗ್' ಊರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2007ರಲ್ಲಿ ಹಾಲಿವುಡ್ ಸಿನಿಮಾವೊಂದರಲ್ಲಿ ಸೇರಿ ಅಮೆರಿಕದಲ್ಲೂ ಭರ್ಜರಿ ಮಾರಾಟವಾಯಿತು. ಅದೇ ವರ್ಷ ಇತ್ತ ಕಂಪನಿ ಸಾಲದಲ್ಲಿ ಮುಳುಗಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಆ ಹಾಡಿನ ದುಡ್ಡೇ ಮತ್ತೆ ಎಬ್ಬಿಸಿತು.

ಈ ಮನೆಯಲ್ಲಿ ಆರಾಧನಾ ಕೆಲಸ ಏನಿತ್ತು? ರ‍್ಯಾಪರ್‌ಗಳ ಹಾಡಿಗೆ ಪಲ್ಲವಿ ಹಾಡುವುದು. ಸಾವೇಜ್ ಜೊತೆಗಿನ 'ದೇ ಡೋಂಟ್ ನೋ' 2005ರದ್ದು. ಜನರ ನೆನಪಿನಲ್ಲಿ ಅವರ ದನಿ ರ‍್ಯಾಪ್ ಪಕ್ಕದಲ್ಲೇ ಕೂತಿತ್ತು ನಿಜ. ಸಣ್ಣ ದೇಶ, 2016ರಲ್ಲಿ ಐವತ್ತು ಲಕ್ಷವೂ ಇಲ್ಲದ ಜನ. ಪ್ರತಿ ಶೈಲಿಗೂ ಬೇರೆ ಪ್ರಶಸ್ತಿ ಇಡಲು ಆಗುವುದಿಲ್ಲ ಎಂಬುದೂ ಒಪ್ಪುವ ಮಾತೇ. 'ಅರ್ಬನ್' ಎಂಬ ಖಾನೆ ಇಲ್ಲದಿದ್ದರೆ ಪೆಸಿಫಿಕ್ ಕಲಾವಿದರಲ್ಲಿ ಹಲವರಿಗೆ ಆ ವೇದಿಕೆಯೇ ಸಿಗುತ್ತಿರಲಿಲ್ಲ ಅನ್ನುವವರೂ ಇದ್ದಾರೆ.

ಒಪ್ಪೋಣ. ಆದರೆ 2009ರಲ್ಲಿ ಸ್ಮ್ಯಾಶ್‌ಪ್ರೂಫ್ ಎಂಬ ದಕ್ಷಿಣ ಆಕ್ಲೆಂಡ್ ರ‍್ಯಾಪ್ ತಂಡದ 'ಬ್ರದರ್' ಹಾಡು 11 ವಾರ ಮೊದಲ ಸ್ಥಾನದಲ್ಲಿತ್ತು. ಅದರ ಪಲ್ಲವಿ ಹಾಡಿದ್ದು ಜಿನ್ ವಿಗ್‌ಮೋರ್, ಬಿಳಿ ಗಾಯಕಿ. ಅದಾದ ಮೇಲೆ ಅವರನ್ನು ಯಾರೂ ಹಿಪ್‌ಹಾಪ್ ಕಲಾವಿದೆ ಅನ್ನಲಿಲ್ಲ. ಪಾಪ್-ರಾಕ್ ಗಾಯಕಿಯಾಗಿಯೇ ಮುಂದುವರಿದರು. ಪಲ್ಲವಿ ಹಾಡಿದ್ದೇ ಕಾರಣ ಆಗಿದ್ದರೆ ಇಬ್ಬರಿಗೂ ಒಂದೇ ಲೆಕ್ಕ ಇರಬೇಕಿತ್ತಲ್ಲ?

ಇನ್ನೊಂದು ಉದಾಹರಣೆ ಇದಕ್ಕೆ ಉಲ್ಟಾ. 1999ರಲ್ಲಿ ಸಿಲ್ವರ್ ಸ್ಕ್ರೋಲ್ ಪ್ರಶಸ್ತಿ ಕಿಂಗ್ ಕಪಿಸಿಯ 'ರಿವರ್ಸ್ ರೆಸಿಸ್ಟೆನ್ಸ್'ಗೆ ಬಂತು. ಆ ದೇಶದಲ್ಲಿ ಹಾಡು ಬರೆಯುವವರಿಗೆ ಕೊಡುವ ದೊಡ್ಡ ಗೌರವ ಅದು. ಹಿಪ್‌ಹಾಪ್ ಹಾಡೊಂದು ಅದನ್ನು ಗೆದ್ದದ್ದು ಅದೇ ಮೊದಲು. ಅಲ್ಲಿ 'ಅರ್ಬನ್' ಅಂತ ಬೇರೆ ಮಣೆ ಹಾಕಿರಲಿಲ್ಲ. ಎಲ್ಲರ ಹಾಡಿನ ಜೊತೆ ಒಂದೇ ಸಾಲಿನಲ್ಲಿ ನಿಂತು ಗೆದ್ದ. ಹೀಗೂ ನಡೆಸಬಹುದು ಎಂಬುದು ಆರಾಧನಾ ಭಾಷಣಕ್ಕೆ 17 ವರ್ಷ ಮೊದಲೇ ಗೊತ್ತಿತ್ತು.

ಪ್ರಶಸ್ತಿ ಯಾರಿಗೆ ಹೋಯಿತು ನೋಡಿ

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ನಿರಾಕರಣೆ ಅಲ್ಲ, ಹಸ್ತಾಂತರ. ಪ್ರಶಸ್ತಿಯನ್ನು ಮೇಜಿನ ಮೇಲೆ ಬಿಟ್ಟು ಇಳಿದು ಹೋಗಬಹುದಿತ್ತು. ಹಾಗೆ ಮಾಡಿದ್ದರೆ ಹಿಪ್‌ಹಾಪ್ ಅಂದರೆ ಕೀಳು, ನನ್ನನ್ನು ಅದಕ್ಕೆ ಸೇರಿಸಬೇಡಿ ಎಂದಂತೆ ಕೇಳಿಸುತ್ತಿತ್ತು. ಅವರು ನಿಜವಾದ ಹಿಪ್‌ಹಾಪ್‌ನವರನ್ನು ತೋರಿಸಿ ಅವರ ಕೈಗೆ ಕೊಟ್ಟರು. ತನ್ನನ್ನು ತಪ್ಪು ಜಾಗದಲ್ಲಿ ಕೂರಿಸಿದ್ದರಿಂದ ಇನ್ನೊಬ್ಬರ ಜಾಗ ಹೋಯಿತು ಎಂಬುದು ಅವರಿಗೆ ಹೊಳೆದಿತ್ತು.

ಸ್ವಿಡ್ಟ್ ತಂಡ ಆಕ್ಲೆಂಡ್‌ನ ಒನೆಹುಂಗಾದ್ದು. ತಮ್ಮ ಬಡಾವಣೆಯನ್ನು 'ಸ್ಟೋನಿಹುಂಗಾ' ಅಂತ ಕರೆದುಕೊಳ್ಳುತ್ತಾರೆ. ಬೀಟ್, ವಿಡಿಯೋ ಎಲ್ಲ ಹೊಸ ಕಾಲದವು, ಯಾವ ದೇಶದಲ್ಲಾದರೂ ಓಡುವಂಥವು. ಊರಿನ ಹೆಸರು, ಊರಿನ ಬೀದಿಮಾತು ಮಾತ್ರ ಬಿಟ್ಟುಕೊಡುವುದಿಲ್ಲ. 1988ರಲ್ಲಿ ಅಪ್ಪರ್ ಹಟ್‌ನವರು ತಂಡಕ್ಕೆ ಊರಿನ ಹೆಸರಿಟ್ಟುಕೊಂಡರು. 1990ರ ದಶಕದಲ್ಲಿ ಪಾಲಿ ಫುವೆಮಾನಾ ಬಡವರ ಓಟಾರಾವನ್ನು 'ಓಟಾರಾ ಮಿಲಿಯನೇರ್ಸ್ ಕ್ಲಬ್' ಅಂತ ತಮಾಷೆ ಮಾಡಿ, 1995ರ 'ಹೌ ಬಿಜಾರ್' ಹಾಡಿನಿಂದ ಆ ತಮಾಷೆಯನ್ನು ಜಗತ್ತಿನ ತುಂಬ ಹಬ್ಬಿಸಿದರು. ಸ್ವಿಡ್ಟ್ ಆ ಸಾಲಿನವರು. ಹಿಪ್‌ಹಾಪ್ ಪ್ರಶಸ್ತಿ ಹೋಗಬೇಕಾದ ವಿಳಾಸ ಅದೇ.

ಇನ್ನೂ ಒಂದು ಸಂಗತಿ ಇದೆ. ನ್ಯೂಜಿಲೆಂಡ್‌ನಲ್ಲಿ 2005ರಿಂದ ಪೆಸಿಫಿಕ್ ಮ್ಯೂಸಿಕ್ ಅವಾರ್ಡ್ಸ್ ಅಂತ ಬೇರೆ ಪ್ರಶಸ್ತಿಗಳಿವೆ. ಹೆಸರಲ್ಲೇ ಜನಾಂಗ ಇದೆ. ಆರಾಧನಾ ಅಲ್ಲಿ ಹಲವು ಸಲ ಗೆದ್ದಿದ್ದಾರೆ, ಖುಷಿಯಾಗಿಯೇ ತಗೊಂಡಿದ್ದಾರೆ. ಇಲ್ಲಿ ವಿರೋಧಾಭಾಸ ಹುಡುಕುವವರು ಸಿಗುತ್ತಾರೆ. ಅಲ್ಲಿ ನೀನು ಪೆಸಿಫಿಕ್‌ನವಳಾ ಅಂತ ಕೇಳಿ ಪ್ರಶಸ್ತಿ ಕೊಡುತ್ತಾರೆ, ಹೌದು ಅಂತ ತಗೊಂಡರು. ಇಲ್ಲಿ ನೀನು ಏನು ಹಾಡುತ್ತೀಯ ಅಂತ ಕೇಳಬೇಕಿತ್ತು, ಮೈಬಣ್ಣ ನೋಡಿ ತಾವೇ ಉತ್ತರ ಬರೆದುಕೊಂಡರು. ಎರಡೂ ಒಂದೇ ಅಲ್ಲ.

ಆಮೇಲೆ ಏನಾಯಿತು

ಪ್ರಶಸ್ತಿ ನಡೆಸುವವರು ಮುಂದೆ ಹಿಪ್‌ಹಾಪ್‌ಗೆ ಒಂದು, ಸೋಲ್ ಮತ್ತು ಆರ್‌ಅಂಡ್‌ಬಿಗೆ ಇನ್ನೊಂದು ಅಂತ ವಿಭಾಗಗಳನ್ನು ಬೇರೆ ಮಾಡಿದರು. 2020ರ ಜನವರಿಯಲ್ಲಿ ಅಮೆರಿಕದ ಟೈಲರ್ ದ ಕ್ರಿಯೇಟರ್ ಬೆಸ್ಟ್ ರ‍್ಯಾಪ್ ಆಲ್ಬಂ ಗ್ರ್ಯಾಮಿ ಗೆದ್ದ ರಾತ್ರಿಯೇ ಇದೇ ದೂರು ಹೇಳಿದ: ನಮ್ಮಂಥ ಮುಖದವರು ಏನೇ ಮಾಡಿದರೂ ರ‍್ಯಾಪ್, ಅರ್ಬನ್ ಅಂತ ಹಾಕುತ್ತಾರೆ ಎಂದು. ಆ ವರ್ಷದ ಜೂನ್‌ನಲ್ಲಿ ಗ್ರ್ಯಾಮಿಯವರು 'ಅರ್ಬನ್ ಕಾಂಟೆಂಪರರಿ' ವಿಭಾಗದ ಹೆಸರು ಬದಲಿಸಿದರು. ಟೈಲರ್ ಮಾತು ಜಗತ್ತಿಗೆಲ್ಲ ಕೇಳಿಸಿತು. ಆಕ್ಲೆಂಡ್‌ನಲ್ಲಿ ಮೂರು ವರ್ಷ ಮೊದಲೇ ಒಬ್ಬ ಹೆಣ್ಣುಮಗಳು ಹೇಳಿದ್ದು ಅಲ್ಲಿನ ಪತ್ರಿಕೆಗಳ ಆಚೆ ಅಷ್ಟಾಗಿ ಹೋಗಲಿಲ್ಲ.

ಅದೇ 2020ರಲ್ಲಿ ದಕ್ಷಿಣ ಆಕ್ಲೆಂಡ್‌ನಿಂದ ಇನ್ನೂ ಒಂದು ಸುದ್ದಿ ಬಂತು. ಮನುರೇವಾದ ಒಬ್ಬ ಶಾಲಾ ಹುಡುಗ ತನ್ನ ಹೆಸರಿಗೆ ಸಮೋವಾದ ಫೋನ್ ಕೋಡ್ ಸೇರಿಸಿ ಜಾಶ್ 685 ಅಂತ ಕರೆದುಕೊಂಡಿದ್ದ. ಅವನ ಬೀಟ್ ಟಿಕ್‌ಟಾಕ್‌ನಲ್ಲಿ ಹಬ್ಬಿತು. ಜೇಸನ್ ಡೆರೂಲೊ ಎಂಬ ಅಮೆರಿಕದ ಗಾಯಕ ಮೊದಲು ಒಪ್ಪಿಗೆ ಇಲ್ಲದೆಯೇ ಅದರ ಮೇಲೆ ಹಾಡಿದ. ಗಲಾಟೆ ಆಯಿತು, ಆಮೇಲೆ ಇಬ್ಬರ ಹೆಸರಲ್ಲೂ ಹಾಡು ಬಂತು. ಅಕ್ಟೋಬರ್‌ನಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಹುಡುಗನ ಮೂಲ ಬೀಟ್‌ನಲ್ಲಿ ಮಾತೇ ಇರಲಿಲ್ಲ. ಮಾತು, ಉಚ್ಚಾರ ಎರಡೂ ಡೆರೂಲೊನವು.